ಸರ್ಕಾರದ ಸಹಾಯ: ದುಡ್ಡು, ಸಾಮಾನು, ಸಬ್ಸಿಡಿ, ಕೆಲಸ… ಯಾವುದು ಯಾವಾಗ ವಾಸಿ?

ಬಜೆಟ್ ಮಂಡನೆಯಾದ ದಿನ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, "ಯಾವುದು ಅಗ್ಗ ಆಯ್ತು, ಯಾವುದು ತುಟ್ಟಿ ಆಯ್ತು?" ಕೇಳಬೇಕಾದ ಪ್ರಶ್ನೆಯೇ. ಆದರೆ ಅಷ್ಟಕ್ಕೇ ನಿಂತರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಒಂದೇ ಮೊತ್ತವನ್ನು ಜನರಿಗೆ ಮುಟ್ಟಿಸಲು ಸರ್ಕಾರದ ಮುಂದೆ ಹಲವು ದಾರಿಗಳಿರುತ್ತವೆ. ಬೆಲೆ ಇಳಿಸಬಹುದು. ಧಾನ್ಯ ಹಂಚಬಹುದು. ಖಾತೆಗೆ ಹಣ ಹಾಕಬಹುದು. ಕೆಲಸ ಕೊಟ್ಟು ಕೂಲಿ ಕೊಡಬಹುದು. ಆಸ್ಪತ್ರೆ, ಶಾಲೆ ಉಚಿತವಾಗಿ ನಡೆಸಬಹುದು. ಬೊಕ್ಕಸದಿಂದ ಹೋಗುವ ಹಣ ಅಷ್ಟೇ ಇದ್ದರೂ, ಹಿಡಿದ ದಾರಿ ಬೇರೆಯಾದರೆ ಅದು ಸೇರುವ ಮನೆಯೇ ಬೇರೆಯಾಗುತ್ತದೆ.

ಈ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ. ಸಾಲಿನ ಕಟ್ಟಕಡೆಯಲ್ಲಿ ನಿಂತವರಿಗೆ ಅದು ತಲುಪುತ್ತದಾ? ತಲುಪದಿದ್ದರೆ ಎಲ್ಲಿ ತಪ್ಪಿಹೋಯಿತು? ಯಾವ ಪಕ್ಷದ ಯೋಜನೆ ಅನ್ನುವುದಕ್ಕಿಂತ ನನಗೆ ಇದು ಮುಖ್ಯ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಯೋಜನೆಗಳೂ ಕೊನೆಯವರನ್ನು ಕೈಬಿಟ್ಟದ್ದುಂಟು.

ಮೊದಲು, ದುಡ್ಡು ಯಾರ ಜೇಬಿನಿಂದ ಬರುತ್ತದೆ?

ಕೊಡುವುದನ್ನು ಹೋಲಿಸುವ ಮುಂಚೆ ತೆಗೆದುಕೊಳ್ಳುವುದನ್ನು ನೋಡಬೇಕು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರೆ ಬಂದ ಭಾಗ್ಯವೇನು?

ಎರಡು ಮನೆ ಅಂದುಕೊಳ್ಳಿ. ಮೊದಲ ಮನೆಗೆ ತಿಂಗಳಿಗೆ 10,000 ಬರುತ್ತದೆ, ನಾಣ್ಯ ಯಾವ ದೇಶದ್ದಾದರೂ ಆಗಲಿ. ತಿಂಗಳ ಕೊನೆಗೆ ಒಂದು ಕಾಸೂ ಉಳಿಯುವುದಿಲ್ಲ. ಎರಡನೇ ಮನೆಗೆ 1,00,000 ಬರುತ್ತದೆ. ಅವರು 50,000 ಖರ್ಚು ಮಾಡಿ ಉಳಿದದ್ದನ್ನು ಕೂಡಿಡುತ್ತಾರೆ. ಖರ್ಚು ಮಾಡಿದ ಹಣದಲ್ಲಿ ನೂರಕ್ಕೆ ಹತ್ತು ತೆರಿಗೆಗೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಮೊದಲ ಮನೆ 1,000 ಕಟ್ಟಿತು, ಎರಡನೆಯದು 5,000. ಮೇಲ್ನೋಟಕ್ಕೆ ಅನುಕೂಲಸ್ಥರೇ ಐದು ಪಟ್ಟು ಕಟ್ಟಿದರು ಅಲ್ವಾ? ಈಗ ಗಳಿಕೆಗೆ ಹೋಲಿಸಿ ನೋಡಿ. ಬಡವರ ಗಳಿಕೆಯಲ್ಲಿ ನೂರಕ್ಕೆ 10 ಹೋಯಿತು, ಅನುಕೂಲಸ್ಥರ ಗಳಿಕೆಯಲ್ಲಿ ನೂರಕ್ಕೆ 5. ಸೋಪಿನ ಮೇಲಿನ ತೆರಿಗೆ ಕೊಳ್ಳುವವರ ಮುಖ ನೋಡುವುದಿಲ್ಲ. "ಬಡವರು ತೆರಿಗೆ ಎಲ್ಲಿ ಕಟ್ಟುತ್ತಾರೆ, ನಮ್ಮ ತೆರಿಗೆ ದುಡ್ಡಲ್ಲಿ ಬದುಕುತ್ತಾರೆ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗಿ ಸಂಕಟವಾಗುತ್ತದೆ.

ಹಾಗಾದರೆ ಸರ್ಕಾರಗಳು ಇಂಥ ತೆರಿಗೆಯನ್ನು ಯಾಕೆ ಇಷ್ಟಪಡುತ್ತವೆ? ವಸೂಲಿ ಸುಲಭ. 1954ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ಮೌಲ್ಯವರ್ಧಿತ ತೆರಿಗೆ ಇವತ್ತು ಒಂದಲ್ಲ ಒಂದು ಹೆಸರಿನಲ್ಲಿ 170ಕ್ಕೂ ಹೆಚ್ಚು ದೇಶಗಳಲ್ಲಿದೆ. ತಯಾರಿಸಿದವರಿಂದ ಮಾರುವವರ ತನಕ ಪ್ರತಿ ಹಂತದಲ್ಲೂ ಲೆಕ್ಕ ಬರೆಯಬೇಕಾದ್ದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ಆದಾಯ ತೆರಿಗೆಗೆ ಪ್ರತಿಯೊಬ್ಬರ ಗಳಿಕೆ ಗೊತ್ತಿರಬೇಕು. ಹೆಚ್ಚಿನವರು ದಿನಗೂಲಿ, ಸಣ್ಣ ವ್ಯಾಪಾರ ಮಾಡುವ ದೇಶಗಳಲ್ಲಿ ಆ ಲೆಕ್ಕ ಸಿಗುವುದೇ ಇಲ್ಲ.

ವಸ್ತುವಿನ ಮೇಲೆ ತೆರಿಗೆ ಹಾಕಲೇಬೇಕಾದರೆ ಎರಡು ರೀತಿ ಇವೆ. ಬ್ರಿಟನ್ ಹೆಚ್ಚಿನ ಆಹಾರ ಪದಾರ್ಥಗಳಿಗೆ, ಮಕ್ಕಳ ಬಟ್ಟೆಗೆ ಸೊನ್ನೆ ದರ ಇಟ್ಟಿದೆ. ಡೆನ್ಮಾರ್ಕ್ ಹೆಚ್ಚು ಕಡಿಮೆ ಎಲ್ಲದಕ್ಕೂ ನೂರಕ್ಕೆ 25 ಹಾಕಿ, ಆ ದುಡ್ಡಿನಲ್ಲಿ ಆಸ್ಪತ್ರೆ, ಶಾಲೆ, ಭತ್ಯೆಗಳ ಮೂಲಕ ಜನರಿಗೆ ವಾಪಸ್ ಕೊಡುತ್ತದೆ. ಅರ್ಥಶಾಸ್ತ್ರ ಓದಿದವರಲ್ಲಿ ಬಹಳ ಮಂದಿಗೆ ಎರಡನೆಯದು ಇಷ್ಟ, ಯಾಕಂದ್ರೆ ಸೊನ್ನೆ ದರದ ಲಾಭ ಜಾಸ್ತಿ ಕೊಳ್ಳುವ ಶ್ರೀಮಂತರಿಗೂ ಸಿಗುತ್ತದೆ. ನನ್ನ ಮಾತು ಇಷ್ಟೇ: ವಾಪಸ್ ಕೊಡುವ ವ್ಯವಸ್ಥೆ ಗಟ್ಟಿಯಾಗಿರುವ ಕಡೆ ಡೆನ್ಮಾರ್ಕ್ ದಾರಿ ಸರಿ. ಅದಿಲ್ಲದ ಕಡೆ "ಮೊದಲು ಎಲ್ಲರ ಮೇಲೂ ಹಾಕೋಣ, ಆಮೇಲೆ ಬಡವರಿಗೆ ಕೊಡೋಣ" ಅಂದರೆ ಹಾಕುವುದು ಇವತ್ತೇ ಆಗುತ್ತದೆ, ಕೊಡುವುದು ನಾಳೆ ನಾಳೆ ಅಂತ ಮುಂದಕ್ಕೆ ಹೋಗುತ್ತದೆ.

ಜನ ಇದನ್ನೆಲ್ಲ ಗಮನಿಸುವುದಿಲ್ಲ ಅಂದುಕೊಂಡರೆ ತಪ್ಪು. 2018ರಲ್ಲಿ ಫ್ರಾನ್ಸ್ ಸರ್ಕಾರ ಹಳೆಯ ಸಂಪತ್ತು ತೆರಿಗೆ ತೆಗೆದು, ಮನೆ, ಜಮೀನಿನಂಥ ಸ್ಥಿರಾಸ್ತಿಗೆ ಮಾತ್ರ ಅನ್ವಯಿಸುವ ಹಗುರ ತೆರಿಗೆ ತಂದಿತು. ಅದೇ ಹೊತ್ತಿಗೆ ಇಂಧನದ ಮೇಲಿನ ತೆರಿಗೆಯೂ ಏರುತ್ತಾ ಹೋಯಿತು. ನವೆಂಬರ್‌ನಲ್ಲಿ ಹಳದಿ ಅಂಗಿ ತೊಟ್ಟವರು ರಸ್ತೆಗಿಳಿದರು. ದಿನಾ ದೂರ ವಾಹನ ಓಡಿಸಿಕೊಂಡು ಕೆಲಸಕ್ಕೆ ಹೋಗುವ ಸಣ್ಣ ಊರುಗಳ ಜನ ಅವರಲ್ಲಿ ಬಹಳ ಇದ್ದರು. ಪರಿಸರಕ್ಕೆ ಒಳ್ಳೆಯದು ಅನ್ನುವ ವಾದ ಅವರಿಗೆ ಅರ್ಥವಾಗದೆ ಅಲ್ಲ. ಉಳ್ಳವರ ಹೊರೆ ಇಳಿಸಿ ತಮ್ಮ ತಲೆಗೆ ಹೇರಿದ್ದು ಕಣ್ಣಿಗೆ ಕಾಣುತ್ತಿತ್ತು.

ಬೆಲೆ ಇಳಿಸುವುದೋ, ಖಾತೆಗೆ ಹಾಕುವುದೋ?

ಪೆಟ್ರೋಲ್, ಡೀಸೆಲ್, ಗ್ಯಾಸ್ ಅಗ್ಗವಾಗಿ ಸಿಕ್ಕರೆ ಎಲ್ಲರಿಗೂ ಖುಷಿ. ಅರ್ಜಿ ಹಾಕಬೇಕಿಲ್ಲ, ಕಚೇರಿ ಅಲೆಯಬೇಕಿಲ್ಲ. ಬೆಲೆ ಸಬ್ಸಿಡಿಯ ದೊಡ್ಡ ಗುಣ ಇದು, ಒಪ್ಪಲೇಬೇಕು. ಆದರೆ ಜಾಸ್ತಿ ಸುಡುವವರಿಗೆ ಜಾಸ್ತಿ ಸಿಗುತ್ತದೆ. ಎರಡು ಕಾರಿನವರಿಗೆ ಸಿಗುವಷ್ಟು ನಡೆದುಕೊಂಡು ಹೋಗುವವರಿಗೆ ಎಲ್ಲಿಂದ ಸಿಗಬೇಕು? ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅರ್ಥಶಾಸ್ತ್ರಜ್ಞರು ಹಲವು ಬಡ ಮತ್ತು ಮಧ್ಯಮ ಆದಾಯದ ದೇಶಗಳ ಲೆಕ್ಕ ತೆಗೆದಾಗ, ಇಂಧನ ಸಬ್ಸಿಡಿಯಲ್ಲಿ ಮೇಲಿನ 20 ಶೇಕಡಾ ಮನೆಗಳಿಗೆ ಸುಮಾರು 43 ಶೇಕಡಾ ಹೋಗುತ್ತಿತ್ತು, ಕೆಳಗಿನ 20 ಶೇಕಡಾ ಮನೆಗಳಿಗೆ ಬರೀ 7.

ಹಾಗಂತ ಒಂದೇ ಏಟಿಗೆ ಸಬ್ಸಿಡಿ ಕಿತ್ತುಹಾಕಿದರೆ ಮೊದಲು ಮುಗ್ಗರಿಸುವವರೂ ಆ 7 ಶೇಕಡಾ ಪಡೆಯುವ ಕೆಳಗಿನ ಮನೆಗಳವರೇ. ಇಂಧನ ತುಟ್ಟಿಯಾದರೆ ಬಸ್ ಚಾರ್ಜು, ಸಾಗಣೆ, ತರಕಾರಿ ಎಲ್ಲವೂ ಏರುತ್ತವೆ. ನೈಜೀರಿಯಾ 2012ರ ಜನವರಿ 1ರಂದು ಪೆಟ್ರೋಲ್ ಸಬ್ಸಿಡಿ ತೆಗೆದಾಗ ಬೆಲೆ ರಾತ್ರೋರಾತ್ರಿ ಎರಡು ಪಟ್ಟಾಯಿತು. ದೇಶವೇ ಮುಷ್ಕರಕ್ಕೆ ಇಳಿಯಿತು. ಎರಡೇ ವಾರದಲ್ಲಿ ಸರ್ಕಾರ ಬೆಲೆಯನ್ನು ಒಂದಷ್ಟು ಇಳಿಸಬೇಕಾಯಿತು.

ಇರಾನ್ 2010ರ ಡಿಸೆಂಬರ್‌ನಲ್ಲಿ ಇದನ್ನೇ ಬೇರೆ ಕ್ರಮದಲ್ಲಿ ಮಾಡಿತು. ಆ ಕ್ರಮವೇ ನನಗೆ ಇಲ್ಲಿ ದೊಡ್ಡ ಪಾಠ. ಬೆಲೆ ಏರಿಸುವ ಮುಂಚೆಯೇ ಖಾತೆಗಳಿಗೆ ದುಡ್ಡು ಹಾಕಿತು, ತಲೆಗೆ ತಿಂಗಳಿಗೆ 4,55,000 ರಿಯಾಲ್, ಹೆಚ್ಚು ಕಡಿಮೆ ಎಲ್ಲರಿಗೂ. ಹಣ ಖಾತೆಯಲ್ಲಿ ಕಾಣುತ್ತಿತ್ತು, ಬೆಲೆ ಏರಿದ ದಿನವೇ ಅದನ್ನು ತೆಗೆಯಲು ಬಿಟ್ಟರು. ಬೆಲೆ ಹಲವು ಪಟ್ಟು ಏರಿದರೂ ಅಂಥ ದೊಡ್ಡ ಗಲಾಟೆ ಆಗಲಿಲ್ಲ. ಬಡ ಮನೆಗಳಿಗಂತೂ ಕಳೆದುಕೊಂಡದ್ದಕ್ಕಿಂತ ಬಂದದ್ದೇ ಜಾಸ್ತಿ ಇತ್ತು.

ಆದರೆ ಆಮೇಲೆ? ಮೊತ್ತ ವರ್ಷಗಟ್ಟಲೆ ಅಷ್ಟೇ ಉಳಿಯಿತು. ಬೆಲೆಗಳು ಮಾತ್ರ ನಿಲ್ಲಲಿಲ್ಲ. ಶುರುವಿನಲ್ಲಿ ಮನೆ ಖರ್ಚಿಗೆ ದೊಡ್ಡ ಆಸರೆಯಾಗಿದ್ದ ಹಣ ಕೆಲವೇ ವರ್ಷಗಳಲ್ಲಿ ಅದರ ಸಣ್ಣ ಚೂರಿಗಷ್ಟೇ ಸಾಕಾಗುವ ಹಾಗಾಯಿತು. ಆದ್ದರಿಂದ ಬೆಲೆ ಸಬ್ಸಿಡಿ ತೆಗೆದು ನಗದು ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಎರಡು ವಿಷಯ ನೋಡಿ. ದುಡ್ಡು ಮೊದಲು ಬರುತ್ತದಾ, ಬೆಲೆ ಮೊದಲು ಏರುತ್ತದಾ? ಬೆಲೆಯೇರಿಕೆಗೆ ತಕ್ಕಂತೆ ಮೊತ್ತವೂ ತಾನಾಗಿ ಏರುವ ಹಾಗೆ ನಿಯಮದಲ್ಲಿ ಬರೆದಿದೆಯಾ? ಎರಡನೆಯದು ಇಲ್ಲದಿದ್ದರೆ ಆ ನಗದು ಬಿಸಿಲಿಗಿಟ್ಟ ಮಂಜುಗಡ್ಡೆಯ ಹಾಗೆ. ಯಾರೂ ಕದಿಯಬೇಕಿಲ್ಲ, ತಾನೇ ಕರಗುತ್ತದೆ.

ಇಂಡೋನೇಷ್ಯಾ 2005ರಲ್ಲಿ ಇಂಧನ ಬೆಲೆ ಏರಿಸಿದಾಗ ಬಡ ಕುಟುಂಬಗಳಿಗೆ ಮಾತ್ರ ನಗದು ಕೊಟ್ಟಿತು, ಮೂರು ತಿಂಗಳಿಗೆ 3,00,000 ರೂಪಿಯಾ. ದುಡ್ಡು ಬೇಗನೇ ತಲುಪಿತು. ಆದರೆ ಪಟ್ಟಿಯನ್ನು ಗಡಿಬಿಡಿಯಲ್ಲಿ ಮಾಡಿದ್ದರಿಂದ "ಅವರ ಹೆಸರಿದೆ, ನಮ್ಮದ್ಯಾಕಿಲ್ಲ" ಅಂತ ಊರೂರಲ್ಲಿ ಜಗಳವಾಯಿತು. ಪಟ್ಟಿಯ ಈ ವಿಷಯಕ್ಕೆ ಮುಂದೆ ಬರುತ್ತೇನೆ.

ದುಡ್ಡೋ, ಸಾಮಾನೋ?

ಇದರ ಬಗ್ಗೆ ಬಿಸಿ ಬಿಸಿ ಚರ್ಚೆ ಆಗುತ್ತದೆ, ಅರ್ಧದಷ್ಟು ಚರ್ಚೆ "ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ" ಅನ್ನುವುದರ ಸುತ್ತ. ಈ ಮಾತನ್ನು ಬೇರೆ ಬೇರೆ ಖಂಡಗಳಲ್ಲಿ ಅಧ್ಯಯನ ಮಾಡಿ ನೋಡಿದ್ದಾರೆ. ವಿಶ್ವಬ್ಯಾಂಕಿನ ಸಂಶೋಧಕರು ಅಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಗದು ಸಿಕ್ಕಿದ್ದರಿಂದ ಹೆಂಡ, ತಂಬಾಕಿನ ಖರ್ಚು ಏರಿದ್ದು ಕಾಣಲಿಲ್ಲ. ಕೆಲವು ಕಡೆ ಇಳಿದೇ ಇತ್ತು. ಬಡವರಿಗೆ ದುಡ್ಡು ಸಂಭಾಳಿಸಲು ಬರುವುದಿಲ್ಲ ಅನ್ನುವುದು ಸುಮ್ನೆ ಕಟ್ಟಿಕೊಂಡ ನಂಬಿಕೆ. ಕಡಿಮೆ ಇರುವವರಷ್ಟು ಎಣಿಸಿ ಎಣಿಸಿ ಖರ್ಚು ಮಾಡುವವರು ಯಾರೂ ಇಲ್ಲ.

ಮನೆಯಲ್ಲಿ ದುಡ್ಡು ಯಾರ ಹೆಸರಿಗೆ ಬರುತ್ತದೆ ಅನ್ನುವುದೂ ಮುಖ್ಯ. ಮೆಕ್ಸಿಕೋ 1997ರಲ್ಲಿ ಶುರು ಮಾಡಿದ ಪ್ರೋಗ್ರೆಸಾ ಯೋಜನೆ ತಾಯಂದಿರ ಕೈಗೇ ಹಣ ಕೊಟ್ಟಿತು. ಮಕ್ಕಳು ಶಾಲೆಗೆ ಹೋಗಬೇಕು, ಆರೋಗ್ಯ ತಪಾಸಣೆ ಮಾಡಿಸಬೇಕು ಅನ್ನುವ ಷರತ್ತು ಇತ್ತು. ಬ್ರೆಜಿಲ್ 2003ರಲ್ಲಿ ಬೋಲ್ಸಾ ಫಮೀಲಿಯಾ ತಂದಿತು, ಅಲ್ಲೂ ಹೆಚ್ಚಿನ ಖಾತೆಗಳು ಹೆಂಗಸರ ಹೆಸರಿನಲ್ಲೇ. ದೇಶದ ಒಟ್ಟು ಉತ್ಪನ್ನದ ಸುಮಾರು ಅರ್ಧ ಶೇಕಡಾ ಖರ್ಚಿನಲ್ಲಿ ಒಂದು ಕೋಟಿಗೂ ಹೆಚ್ಚು ಕುಟುಂಬಗಳನ್ನು ಅದು ಮುಟ್ಟಿತು. ಷರತ್ತಿನ ಬಗ್ಗೆ ಮಾತ್ರ ನನಗೆ ಒಂದು ಅಳುಕಿದೆ. ಹತ್ತಿರದಲ್ಲಿ ಶಾಲೆ, ಆಸ್ಪತ್ರೆ ಇದ್ದರೆ ಷರತ್ತು ಒಳ್ಳೆಯ ಒತ್ತಾಸೆ. ಇಲ್ಲದಿದ್ದರೆ ಸರ್ಕಾರ ಕಟ್ಟದ ಶಾಲೆಗೆ ಮಗು ಹೋಗಲಿಲ್ಲ ಅಂತ ತಾಯಿಯ ಹಣ ನಿಲ್ಲಿಸಿದ ಹಾಗಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹಾಗಾದರೆ ಸಾಮಾನು ಹಂಚುವುದಕ್ಕೆ ಅರ್ಥವೇ ಇಲ್ಲವಾ? ಇದೆ. ಬೆಲೆ ದಿನದಿಂದ ದಿನಕ್ಕೆ ಏರುವಾಗ ಐದು ಕಿಲೋ ಧಾನ್ಯ ಐದು ಕಿಲೋ ಆಗಿಯೇ ಇರುತ್ತದೆ. ನೋಟಿಗೆ ಆ ಗಟ್ಟಿತನ ಇಲ್ಲ. 1943ರ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತರು. ಆಗ ಧಾನ್ಯ ಪೂರ್ತಿ ಮುಗಿದುಹೋಗಿತ್ತು ಅಂತಲ್ಲ. ಯುದ್ಧದ ಕಾಲದ ಬೆಲೆಯೇರಿಕೆಯಲ್ಲಿ ಕೂಲಿ ಹಿಂದೆ ಬಿತ್ತು, ಅಕ್ಕಿಯ ಬೆಲೆ ಕೈಗೆ ಸಿಗದಷ್ಟು ಮೇಲೆ ಹೋಯಿತು ಅನ್ನುವುದನ್ನು ಅಮರ್ತ್ಯ ಸೇನ್ ಆಮೇಲೆ ವಿವರವಾಗಿ ತೋರಿಸಿದರು. ಅಂಗಡಿಯಲ್ಲಿ ಸಾಮಾನಿದ್ದು ಜನರ ಕೈಯಲ್ಲಿ ದುಡ್ಡಿಲ್ಲದಿದ್ದರೆ ನಗದು ಜೀವ ಉಳಿಸುತ್ತದೆ. ಅಂಗಡಿಯೇ ದೂರ ಇದ್ದು, ಇರುವ ಒಬ್ಬ ವ್ಯಾಪಾರಿ ಮನಸ್ಸಿಗೆ ಬಂದ ಬೆಲೆ ಹೇಳುವ ಕಡೆ ನಗದು ಕೊಟ್ಟರೆ ಅದು ಆ ವ್ಯಾಪಾರಿಗೇ ಹೋಗುತ್ತದೆ. ಅಲ್ಲಿ ಸಾಮಾನೇ ವಾಸಿ.

ಎರಡಕ್ಕೂ ಒಂದೇ ಬಾಗಿಲು ಕಾವಲು ಕಾಯುತ್ತಿರುತ್ತದೆ, ಅದು ಗುರುತಿನ ಪರೀಕ್ಷೆ. ಹತ್ತಾರು ವರ್ಷ ಕಲ್ಲು, ಸಿಮೆಂಟು, ಸೋಪಿನ ನೀರಿನಲ್ಲಿ ದುಡಿದ ಕೈ ನೋಡಿದ್ದೀರಾ? ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾಗಿರುತ್ತವೆ. ಯಂತ್ರದ ಗಾಜಿನ ಮೇಲೆ ಇಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು ದೀಪ. ಬಲಗೈ ಆಯ್ತು, ಎಡಗೈ ಆಯ್ತು, ಹಿಂದೆ ನಿಂತವರು ಗೊಣಗಲು ಶುರು ಮಾಡುತ್ತಾರೆ. ದುಡಿದದ್ದೇ ತಪ್ಪು ಅನ್ನುವ ಹಾಗೆ ಆ ಮನುಷ್ಯ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಾನೆ. ಯಂತ್ರ ಒಪ್ಪದಿದ್ದಾಗ ಅವತ್ತೇ, ಅಲ್ಲೇ ಬೇರೆ ದಾರಿಯಲ್ಲಿ ಕೊಡುವ ಅಧಿಕಾರ ಅಲ್ಲಿ ಕೂತವರಿಗೆ ಇದೆಯಾ? ಯೋಜನೆಯನ್ನು ಅಳೆಯುವಾಗ ನಾನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ಎಲ್ಲರಿಗೋ, ಬಡವರಿಗೆ ಮಾತ್ರವೋ?

ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ಇದೇ ದೊಡ್ಡದು. "ಶ್ರೀಮಂತರಿಗೆ ಯಾಕೆ ಕೊಡಬೇಕು? ಅರ್ಹರಿಗೆ ಮಾತ್ರ ಕೊಡಿ" ಅನ್ನುವುದು ನ್ಯಾಯವಾದ ಮಾತಿನ ಹಾಗೆ ಕೇಳುತ್ತದೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ಒಂದು ಸಲ ಒಂದು ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಅಜ್ಜಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ಮಡಿಸಿ ಮಡಿಸಿ ಹರಿದ ಕಾಗದಗಳು. ಗಂಡ ತೀರಿಹೋದ ಮೇಲೆ ಬರಬೇಕಾದ ಮಾಸಾಶನಕ್ಕೆ ಬಂದಿದ್ದರು. ಒಂದು ಕಾಗದದಲ್ಲಿ ಹೆಸರಿನ ಕೊನೆಗೆ ಒಂದು ಅಕ್ಷರ ಜಾಸ್ತಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. "ಇದು ನೀವೇ ಅಂತ ಹೇಗಮ್ಮ ನಂಬೋದು? ಸರಿ ಮಾಡಿಸಿಕೊಂಡು ಬನ್ನಿ" ಅಂದರು ಕಚೇರಿಯವರು. ಬೈಯಲಿಲ್ಲ, ನಿಯಮ ಹೇಳಿದರು ಅಷ್ಟೇ. "ಇದು ಮೂರನೇ ಸಲಾನಪ್ಪಾ ಬರ್ತಿರೋದು" ಅಂದರು ಅಜ್ಜಿ. ಕಾಗದಗಳನ್ನು ಒಂದೊಂದಾಗಿ ಮತ್ತೆ ಚೀಲದೊಳಗೆ ಇಟ್ಟುಕೊಂಡು ಹೊರಟರು. ಅವರಿಗೆ ಸಹಾಯ ಕೊಡಬಾರದು ಅಂತ ಯಾವ ಮಂತ್ರಿಯೂ ತೀರ್ಮಾನ ಮಾಡಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯ ಜಾಗದಲ್ಲಿ ಒಂದು ಅಕ್ಷರ ಕೂತಿತ್ತು.

ಆಯ್ಕೆ ಮಾಡಿ ಕೊಡುವಾಗ ಎರಡು ರೀತಿಯ ತಪ್ಪು ಆಗುತ್ತವೆ. ಅರ್ಹರಲ್ಲದವರು ಒಳಗೆ ಬರುವುದು ಒಂದು, ಅರ್ಹರು ಹೊರಗೆ ಉಳಿಯುವುದು ಇನ್ನೊಂದು. ಸುದ್ದಿಯಾಗುವುದು ಮೊದಲನೆಯದೇ. ಕಾರಿದ್ದವರು ಸಹಾಯ ಪಡೆದರು ಅಂದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ಅರ್ಜಿ ಹಾಕಲು ಗೊತ್ತಾಗದೆ, ಓದಲು ಬಾರದೆ, ಕೂಲಿ ಬಿಟ್ಟು ಬರಲಾಗದೆ, ನಾಚಿಕೆಯಿಂದ ಹೊರಗುಳಿದವರ ಬಗ್ಗೆ ಯಾವ ತಲೆಬರಹವೂ ಬರುವುದಿಲ್ಲ. ಬ್ರಿಟನ್‌ನಲ್ಲಿ ಬಡ ಹಿರಿಯರಿಗೆಂದೇ ಪೆನ್ಶನ್ ಕ್ರೆಡಿಟ್ ಅನ್ನುವ ಸಹಾಯಧನ ಇದೆ. ಅಕ್ಷರಸ್ಥ ದೇಶ, ಕಚೇರಿಗಳೂ ನಡೆಯುತ್ತವೆ. ಆದರೂ ಸರ್ಕಾರದ್ದೇ ಅಂದಾಜಿನಂತೆ ಅರ್ಹರಲ್ಲಿ ಸುಮಾರು ಮೂರನೇ ಒಂದು ಭಾಗ ಅದನ್ನು ಪಡೆಯುವುದೇ ಇಲ್ಲ. 2024ರಲ್ಲಿ ಅಲ್ಲಿನ ಸರ್ಕಾರ, ಹಿರಿಯರೆಲ್ಲರಿಗೂ ಬರುತ್ತಿದ್ದ ಚಳಿಗಾಲದ ಭತ್ಯೆಯನ್ನು ಪೆನ್ಶನ್ ಕ್ರೆಡಿಟ್‌ನಂಥ ಸಹಾಯ ಪಡೆಯುವವರಿಗೆ ಮಾತ್ರ ಅಂತ ಮಾಡಿತು. ಆಗ ಏನಾಯಿತು ಅಂತ ನೀವೇ ಊಹಿಸಬಹುದು. ಮೊದಲೇ ಹೊರಗಿದ್ದ ಬಡವರು ಈಗ ಎರಡನ್ನೂ ಕಳೆದುಕೊಂಡರು. ಜನರ ಸಿಟ್ಟು ನೋಡಿ 2025ರಲ್ಲಿ ನಿಯಮ ಬದಲಾಯಿತು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಈಗ ಬೇಡ ಅಂದವರನ್ನು ಬಿಟ್ಟು ಹಿರಿಯರೆಲ್ಲರಿಗೂ ಕೊಟ್ಟು, ವರ್ಷಕ್ಕೆ 35,000 ಪೌಂಡಿಗಿಂತ ಜಾಸ್ತಿ ಆದಾಯ ಇರುವವರಿಂದ ತೆರಿಗೆಯ ಮೂಲಕ ವಾಪಸ್ ಪಡೆಯುತ್ತಾರೆ. ನನಗೆ ಈ ಎರಡನೇ ಕ್ರಮ ಬಹಳ ಸರಿ ಅನ್ನಿಸುತ್ತದೆ. ಬಡವರು ತಾವು ಬಡವರು ಅಂತ ಸಾಬೀತು ಮಾಡಬೇಕಿಲ್ಲ, ಉಳ್ಳವರ ಲೆಕ್ಕ ತೆರಿಗೆ ಇಲಾಖೆಯ ಹತ್ತಿರ ಹೇಗೂ ಇದೆ.

ವಂಚನೆ ತಡೆಯುವ ಹಟ ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ ನೆದರ್‌ಲ್ಯಾಂಡ್ಸ್ ನೋಡಿ. ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ಕುಟುಂಬಗಳನ್ನು ಅಲ್ಲಿನ ತೆರಿಗೆ ಇಲಾಖೆ ವರ್ಷಗಟ್ಟಲೆ ವಂಚಕರು ಅಂತ ನೋಡಿತು. ಒಂದು ಸಹಿ ಬಿಟ್ಟುಹೋಗಿದ್ದಕ್ಕೂ ಕೊಟ್ಟದ್ದೆಲ್ಲ ವಾಪಸ್ ಕಟ್ಟಿ ಅಂದರು, ಕೆಲವರಿಗೆ ಅದು ಹತ್ತಾರು ಸಾವಿರ ಯೂರೋ. ಎರಡು ದೇಶಗಳ ಪೌರತ್ವ ಇದ್ದವರ ಮೇಲೆ ಅನುಮಾನ ಜಾಸ್ತಿ. ಮನೆ ಹೋಯಿತು, ಸಂಸಾರ ಒಡೆಯಿತು. 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು.

ಆಸ್ಟ್ರೇಲಿಯಾದಲ್ಲಿ ತಪ್ಪು ಮಾಡಿದ್ದು ಒಂದು ಸರಾಸರಿ ಲೆಕ್ಕ. ಒಬ್ಬರು ವರ್ಷದ ಮೊದಲ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದರು, ಅದು ನಿಯಮದ ಪ್ರಕಾರವೇ. ಮುಂದಿನ ಆರು ತಿಂಗಳು ಕೆಲಸ ಸಿಕ್ಕಿ ಸಂಬಳ ಪಡೆದರು, ಭತ್ಯೆ ನಿಲ್ಲಿಸಿದರು. ಕಂಪ್ಯೂಟರ್ ಏನು ಮಾಡಿತು? ವರ್ಷದ ಸಂಬಳವನ್ನು 26 ಪಾಲು ಮಾಡಿ, ಎರಡೆರಡು ವಾರಕ್ಕೆ ಸಮನಾಗಿ ಹಂಚಿತು. "ನೀವು ಭತ್ಯೆ ಪಡೆಯುವಾಗಲೂ ಗಳಿಸುತ್ತಿದ್ದಿರಿ, ವಾಪಸ್ ಕಟ್ಟಿ" ಅಂತ ನೋಟಿಸ್ ಬಂತು. ಹೀಗೆ ಲಕ್ಷಾಂತರ ಜನರಿಗೆ ಇಲ್ಲದ ಸಾಲ ಹುಟ್ಟಿಕೊಂಡಿತು. ರೋಬೋಡೆಟ್ ಅಂತಲೇ ಹೆಸರಾದ ಇದನ್ನು ನಂತರ ಕಾನೂನುಬಾಹಿರ ಅಂತ ಒಪ್ಪಿಕೊಳ್ಳಬೇಕಾಯಿತು, 2023ರಲ್ಲಿ ವಿಚಾರಣಾ ಆಯೋಗ ಕಟುವಾದ ವರದಿ ಕೊಟ್ಟಿತು.

ಇನ್ನೊಂದು ತೊಂದರೆ ಗೆರೆ ಎಳೆಯುವುದರಲ್ಲೇ ಇದೆ. ಆದಾಯ ಇಷ್ಟಕ್ಕಿಂತ ಒಂದು ಕಾಸು ಜಾಸ್ತಿಯಾದರೂ ಎಲ್ಲ ನಿಲ್ಲುತ್ತದೆ ಅಂದರೆ, ಸ್ವಲ್ಪ ಜಾಸ್ತಿ ದುಡಿದವರು ಒಟ್ಟಾರೆ ಬಡವರಾಗುತ್ತಾರೆ. ದುಡಿಯಲು ಯಾರಿಗೆ ಮನಸ್ಸು ಬರುತ್ತದೆ? ಇಲ್ಲಿ ಬೇಕಾದದ್ದು ಇಳಿಜಾರು. ಗಳಿಕೆ ಏರಿದ ಹಾಗೆ ಸಹಾಯ ನಿಧಾನವಾಗಿ ಇಳಿಯಬೇಕು.

ಎಲ್ಲವನ್ನೂ ಎಲ್ಲರಿಗೂ ಕೊಡಲು ಯಾವ ಬೊಕ್ಕಸಕ್ಕೂ ಆಗುವುದಿಲ್ಲ, ಅದು ಗೊತ್ತು. ಅದಕ್ಕೇ ನಾನು ಹೇಳುವುದು, ಆದಾಯ ನೋಡಿ ಆರಿಸುವ ಬದಲು ಸುಲಭವಾಗಿ ಕಾಣುವ ಗುರುತನ್ನು ಹಿಡಿಯುವುದು ವಾಸಿ. ಇಂಥ ವಯಸ್ಸು ದಾಟಿದ ಎಲ್ಲರಿಗೂ, ಶಾಲೆಗೆ ಬರುವ ಎಲ್ಲ ಮಕ್ಕಳಿಗೂ, ಎಲ್ಲ ಬಾಣಂತಿಯರಿಗೂ. ಆದಾಯ ನೋಡಲೇಬೇಕು ಅಂದರೆ ಒಳಗೆ ಬರುವವರನ್ನು ಹುಡುಕಬೇಡಿ. ಹೊರಗಿರಬೇಕಾದ ಕೆಲವರನ್ನು ಮಾತ್ರ ಗುರುತಿಸಿ, ಉಳಿದವರೆಲ್ಲ ಒಳಗೆ ಅಂತ ಮಾಡಿ. ಒಂದಷ್ಟು ಉಳ್ಳವರಿಗೂ ಹೋಗುತ್ತದೆ, ಹೋಗಲಿ. ಆ ಅಜ್ಜಿ ಹೊರಗುಳಿಯುವುದಕ್ಕಿಂತ ಅದು ಎಷ್ಟೋ ಚಿಕ್ಕ ತಪ್ಪು.

ಭತ್ಯೆಯೋ, ಆಸ್ಪತ್ರೆಯೋ, ತೆರಿಗೆ ಕಡಿತವೋ?

ಇಲ್ಲಿ ನನಗೆ ಹೆಚ್ಚು ಗೊಂದಲ ಇಲ್ಲ. ಸಂತೆಯಲ್ಲಿ ಸಿಗುವುದಕ್ಕೆ ದುಡ್ಡು ಸಾಕು, ದಿಢೀರ್ ಬರುವ ಕಾಯಿಲೆಗೆ ಸಾಲದು. ತಿಂಗಳ ಭತ್ಯೆಯನ್ನು ಎಷ್ಟೇ ಕೂಡಿಟ್ಟರೂ ಒಂದು ಆಪರೇಷನ್‌ನ ಖರ್ಚು ಹುಟ್ಟುವುದಿಲ್ಲ, ಮನೆ ಸಾಲಕ್ಕೆ ಬೀಳುತ್ತದೆ. ಥಾಯ್ಲೆಂಡ್ 2002ರ ಹೊತ್ತಿಗೆ ಬೇರೆ ಯಾವ ರಕ್ಷಣೆಯೂ ಇಲ್ಲದಿದ್ದ ಎಲ್ಲರಿಗೂ, ಒಂದು ಸಲಕ್ಕೆ 30 ಬಾತ್ ಕೊಟ್ಟರೆ ಚಿಕಿತ್ಸೆ ಅನ್ನುವ ವ್ಯವಸ್ಥೆ ತಂದಿತು. ಆಗ ಅದು ಶ್ರೀಮಂತ ದೇಶವಾಗಿರಲಿಲ್ಲ. ಚಿಕಿತ್ಸೆಯ ಖರ್ಚಿನಿಂದ ಬಡತನಕ್ಕೆ ಬೀಳುವ ಮನೆಗಳ ಸಂಖ್ಯೆ ಅಲ್ಲಿ ಚೆನ್ನಾಗಿ ಇಳಿಯಿತು.

ಎದುರಿಗೆ ಅಮೆರಿಕದ ಕ್ಯಾನ್ಸಾಸ್ ರಾಜ್ಯ ಇಡಿ. 2012ರಲ್ಲಿ ಅಲ್ಲಿ ಆದಾಯ ತೆರಿಗೆಯನ್ನು ಜೋರಾಗಿ ಕಡಿತ ಮಾಡಿದರು, ಉದ್ಯಮ ಬೆಳೆದು ಎಲ್ಲರಿಗೂ ಒಳ್ಳೆಯದಾಗುತ್ತದೆ ಅಂದರು. ಬೆಳವಣಿಗೆ ಅಂದುಕೊಂಡಂತೆ ಬರಲಿಲ್ಲ, ಬೊಕ್ಕಸ ಬರಿದಾಯಿತು, 2015ರಲ್ಲಿ ಕೆಲವು ಕಡೆ ದುಡ್ಡಿಲ್ಲದೆ ಶಾಲೆಗಳನ್ನು ಅವಧಿಗೆ ಮುಂಚೆಯೇ ಮುಚ್ಚಿದರು. 2017ರಲ್ಲಿ ಅಲ್ಲಿನ ಶಾಸಕರೇ ಗವರ್ನರ್ ಬೇಡ ಅಂದರೂ ಕೇಳದೆ ಆ ಕಡಿತದ ಬಹುಭಾಗವನ್ನು ರದ್ದು ಮಾಡಿದರು. ತೆರಿಗೆ ಕಡಿತದ ಮಾತು ಬಂದಾಗ "ಯಾರಿಗೆ ಎಷ್ಟು ಉಳಿಯುತ್ತದೆ" ಅನ್ನುವುದರ ಪಕ್ಕದಲ್ಲೇ "ಯಾವುದು ಮುಚ್ಚುತ್ತದೆ" ಅಂತಲೂ ಬರೆದುಕೊಳ್ಳಿ.

ಕೂಲಿ ಏರಿಸುವುದೋ, ಸರ್ಕಾರ ಮೇಲೆ ಸೇರಿಸಿ ಕೊಡುವುದೋ?

1795ರಲ್ಲಿ ಇಂಗ್ಲೆಂಡಿನ ಸ್ಪೀನಮ್‌ಲ್ಯಾಂಡ್ ಅನ್ನುವ ಕಡೆ ಅಧಿಕಾರಿಗಳು ಸೇರಿ, ರೊಟ್ಟಿಯ ಬೆಲೆ ಮತ್ತು ಮನೆಮಂದಿಯ ಲೆಕ್ಕ ಹಿಡಿದು, ಕೂಲಿ ಸಾಲದವರಿಗೆ ಊರಿನ ನಿಧಿಯಿಂದ ತುಂಬಿಕೊಡುವುದು ಅಂತ ತೀರ್ಮಾನಿಸಿದರು. ದಯೆಯಿಂದ ಮಾಡಿದ ಕೆಲಸ. ಆದರೆ ಹೇಗೂ ಊರು ಕೊಡುತ್ತದೆ ಅಂತ ಜಮೀನ್ದಾರರು ಕೂಲಿ ಏರಿಸುವುದೇ ಇಲ್ಲ ಅನ್ನುವ ದೂರು ಎದ್ದಿತು. ಎಷ್ಟರ ಮಟ್ಟಿಗೆ ಹಾಗಾಯಿತು ಅನ್ನುವ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ, ಆದರೆ ಆ ಅಪಾಯ ಇವತ್ತಿಗೂ ಹಾಗೇ ಇದೆ. ಕನಿಷ್ಠ ಕೂಲಿಯ ಕಾನೂನು ಇರದೆ ಸರ್ಕಾರ ಸುಮ್ನೆ ಮೇಲೆ ಸೇರಿಸುತ್ತಾ ಹೋದರೆ, ಆ ದುಡ್ಡಿನ ಒಂದು ಪಾಲು ಮಾಲೀಕರ ಪೆಟ್ಟಿಗೆ ಸೇರುತ್ತದೆ.

ಕನಿಷ್ಠ ಕೂಲಿ ಏರಿಸಿದರೆ ಕೆಲಸಗಳೇ ಹೋಗುತ್ತವೆ ಅಂತ ಹೆದರಿಸುತ್ತಾರೆ. ಅಮೆರಿಕದ ನ್ಯೂಜೆರ್ಸಿ 1992ರಲ್ಲಿ ಗಂಟೆಗೆ 4.25 ಡಾಲರ್ ಇದ್ದದ್ದನ್ನು 5.05ಕ್ಕೆ ಏರಿಸಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್, ಕೂಲಿ ಏರಿಸದ ಪಕ್ಕದ ಪೆನ್ಸಿಲ್ವೇನಿಯಾದ ಜೊತೆ ಹೋಲಿಸಿ ನೋಡಿದರು. ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಇದರ ಅರ್ಥ ಎಷ್ಟು ಬೇಕಾದರೂ ಏರಿಸಬಹುದು ಅಂತಲ್ಲ. ಇರುವ ಕೂಲಿಗೆ ಹತ್ತಿರದಲ್ಲಿ, ಹಂತ ಹಂತವಾಗಿ ಏರಿಸಿದರೆ ಆಕಾಶ ಕಳಚಿ ಬೀಳುವುದಿಲ್ಲ. ನನ್ನ ಆಯ್ಕೆ, ಕೆಳಗೊಂದು ಕನಿಷ್ಠ ಕೂಲಿಯ ನೆಲಗಟ್ಟು ಹಾಕಿ, ಮಕ್ಕಳು ಮರಿ ಇರುವ ಮನೆಗಳಿಗೆ ಅದರ ಮೇಲೆ ಭತ್ಯೆ.

ಕೊನೆಯದಾಗಿ, ಕೆಲಸ ಕೊಡುವುದು

ಭತ್ಯೆಯ ಬದಲು ಕೆಲಸ ಕೊಡಿ ಅನ್ನುವವರ ಮಾತಿನಲ್ಲಿ ಹುರುಳಿದೆ. ಪಟ್ಟಿಯ ತಲೆನೋವು ಬಹಳ ಮಟ್ಟಿಗೆ ತಪ್ಪುತ್ತದೆ, ಯಾಕಂದ್ರೆ ಬಿಸಿಲಲ್ಲಿ ಮಣ್ಣು ಹೊರುವ ಕೆಲಸಕ್ಕೆ ಬೇಕಾದವರು ಮಾತ್ರ ಬರುತ್ತಾರೆ. ಕೆರೆ, ರಸ್ತೆ ಅಂತ ಏನಾದರೂ ಉಳಿಯುತ್ತದೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ 1935ರಿಂದ 1943ರ ತನಕ ಹೀಗೆ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ಆದರೆ ವಯಸ್ಸಾದವರು, ಅಂಗವಿಕಲರು, ಕೈಗೂಸಿನ ತಾಯಂದಿರು ಈ ಬಾಗಿಲಿನಿಂದ ಒಳಗೆ ಬರಲಾರರು, ಅವರಿಗೆ ಬೇರೆ ಬಾಗಿಲು ಇರಲೇಬೇಕು. ಕೂಲಿ ತಡವಾದರೆ ಯೋಜನೆಯೇ ಸತ್ತ ಹಾಗೆ. ಇವತ್ತು ದುಡಿದು ಇವತ್ತೇ ಉಣ್ಣುವವರಿಗೆ ಎರಡು ತಿಂಗಳ ನಂತರ ಬರುವ ಕೂಲಿಯಿಂದ ಏನು ಪ್ರಯೋಜನ?

ಭಾರತದ 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ನನಗೆ ಇಷ್ಟವಾದದ್ದು 100 ದಿನ ಅನ್ನುವ ಸಂಖ್ಯೆಗಿಂತ ಅದರಲ್ಲಿದ್ದ ಇನ್ನೊಂದು ಸಾಲು. ಕೆಲಸ ಕೇಳಿದ 15 ದಿನಗಳೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಬೇರೆ ಯೋಜನೆಗಳಲ್ಲಿ ಜನ ಅರ್ಜಿ ಕೊಟ್ಟು ಕೈಕಟ್ಟಿ ಕಾಯುತ್ತಾರೆ, ಇಲ್ಲಿ ಗಡುವು ಇದ್ದದ್ದು ಕಚೇರಿಗೆ. ನಿಜ ಹೇಳಬೇಕೆಂದರೆ ಆ ಭತ್ಯೆ ಸಿಕ್ಕಿದ್ದು ಬಹಳ ಅಪರೂಪ. ಆದರೂ ಆ ಸಾಲು ಕಾಯ್ದೆಯಲ್ಲಿ ಇದ್ದದ್ದರಿಂದಲೇ ಕೂಲಿಕಾರರು ಅರ್ಜಿ ಕೊಟ್ಟ ತಾರೀಖಿನ ರಸೀದಿ ಹಿಡಿದುಕೊಂಡು ಕಚೇರಿಯ ಮುಂದೆ ಕೂತು, "ಹದಿನೈದು ದಿನ ಆಯ್ತು ಸ್ವಾಮಿ, ಕೆಲಸ ಎಲ್ಲಿ?" ಅಂತ ಕೇಳಲು ಆಯಿತು.